ಭೂಲೋಕಮಲ್ಲನ ಮತ್ಸ್ಯವಿನೋದ

ಕಲ್ಯಾಣವೆಂಬ ಹೆಸರನ್ನು ಕೇಳಿದೊಡನೆ ಕನ್ನಡಿಗರ ಮನಸ್ಸಿಗೆ ಎರಡು ಸಂಗತಿಗಳು ಬರುತ್ತವೆ. ಒಂದು, ಬಿಲ್ಹಣನಂತಹ ಕವಿಗೂ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನಿಗೂ ಆಶ್ರಯವಿತ್ತ ಆರನೆಯ ವಿಕ್ರಮಾದಿತ್ಯನ ಆಸ್ಥಾನವು. ಇನ್ನೊಂದು, ಅವನ ತರುವಾಯ ಅದೇ ನಗರದಲ್ಲಿ ಕೂಡಿದ ಶಿವಶರಣರ ಸಮೂಹವು. ಇವೆರಡರ ನಡುವೆ ಆಳಿದ ಅರಸನೊಬ್ಬನನ್ನು ಮಾತ್ರ ಜನರು ಬಹುಮಟ್ಟಿಗೆ ಮರೆತಿರುವರು. ಅವನೇ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು. 1126ರಿಂದ 1138ರ ವರೆಗೆ ರಾಜ್ಯವಾಳಿದ ಈತನಿಗೆ ಭೂಲೋಕಮಲ್ಲನೆಂದೂ ಸರ್ವಜ್ಞಚಕ್ರವರ್ತಿಯೆಂದೂ ಬಿರುದುಗಳಿದ್ದವು. ಎರಡನೆಯ ಬಿರುದು ಬರಿಯ ಹೊಗಳಿಕೆಯಲ್ಲವೆಂಬುದಕ್ಕೆ ಅವನ ಹೆಸರಿನಲ್ಲಿ ಉಳಿದು ಬಂದಿರುವ ‘ಮಾನಸೋಲ್ಲಾಸ’ವೇ ಸಾಕ್ಷಿಯಾಗಿದೆ.

‘ಅಭಿಲಷಿತಾರ್ಥಚಿಂತಾಮಣಿ’ಯೆಂಬುದು ಇದೇ ಗ್ರಂಥದ ಇನ್ನೊಂದು ಹೆಸರು. ಇಪ್ಪತ್ತಿಪ್ಪತ್ತು ಅಧ್ಯಾಯಗಳುಳ್ಳ ಐದು ವಿಂಶತಿಗಳಾಗಿ, ಒಟ್ಟು ನೂರು ಅಧ್ಯಾಯಗಳಲ್ಲಿ ಇದು ಹರಡಿಕೊಂಡಿದೆ. ಗ್ರಹಗಣಿತಕ್ಕೆ ಶಾಲಿವಾಹನ ಶಕೆ 1051ನ್ನು, ಅಂದರೆ ಕ್ರಿಸ್ತಶಕ 1129ನ್ನು, ಆಧಾರವಾಗಿ ಹಿಡಿದಿರುವುದರಿಂದ ಗ್ರಂಥದ ಕಾಲವನ್ನು ವಿದ್ವಾಂಸರು ಸುಲಭವಾಗಿ ನಿರ್ಣಯಿಸಿದರು. ರಾಜ್ಯವನ್ನು ಪಡೆಯುವ ಬಗೆ, ಪಡೆದುದನ್ನು ಸ್ಥಿರಪಡಿಸುವ ಬಗೆ, ಭೋಗ, ವಿನೋದ, ಕ್ರೀಡೆ ಎಂಬ ಕ್ರಮದಲ್ಲಿ ಅರಸನ ಬಾಳಿಗೆ ಬೇಕಾದುದೆಲ್ಲವೂ ಇದರಲ್ಲಿ ಅಡಕವಾಗಿದೆ. ನಾಲ್ಕನೆಯದಾದ ವಿನೋದವಿಂಶತಿಯಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವೊಂದುಂಟು. ಗಾಳವನ್ನು ಹಾಕಿ ಮೀನು ಹಿಡಿಯುವುದನ್ನು ಒಂದು ವಿದ್ಯೆಯೆಂದೆಣಿಸಿ, ಕ್ರಮವಾಗಿ ನಿರೂಪಿಸಿದ ಬರಹವಿದು.

ಈ ಪ್ರಕರಣದ ಜೋಡಣೆಯನ್ನು ಲಕ್ಷ್ಯವಿಟ್ಟು ನೋಡಿದರೆ, ನೀರಿನ ದಡಕ್ಕೆ ಹೊರಡುವವನು ಮನೆಯಲ್ಲಿಯೇ ಮಾಡಿಕೊಳ್ಳಬೇಕಾದ ಸಿದ್ಧತೆಯ ಅನುಕ್ರಮವೇ ಇಲ್ಲಿರುವುದು ತಿಳಿಯುತ್ತದೆ. ಮೊದಲು ಮೀನುಗಳನ್ನು ಅರಿಯಬೇಕು. ಆದ್ದರಿಂದ ಸುಮಾರು 35 ಜಾತಿಯ ಮೀನುಗಳನ್ನು ಹೆಸರಿಸಿ, ಕಡಲಿನವು ಯಾವುವು, ಹೊಳೆಯವು ಯಾವುವು, ಮೈಮೇಲೆ ಹುರುಪೆಯುಳ್ಳವು ಯಾವುವು, ಬರಿದೊಗಲಿನವು ಯಾವುವು, ಗಾತ್ರದಲ್ಲಿ ದೊಡ್ಡವು, ನಡುತರದವು, ಸಣ್ಣವು ಯಾವುವು ಎಂದು ವಿಂಗಡಿಸಲಾಗಿದೆ. ಬಳಿಕ ಆಯಾ ಮೀನಿಗೆ ಒಪ್ಪುವ ಆಹಾರದ ವಿಚಾರ. ಎಲ್ಲ ಮೀನುಗಳಿಗೂ ಒಂದೇ ತೀನಿ ಸಲ್ಲದು. ಹಿಟ್ಟಿನ ಉಂಡೆಯನ್ನು ಬಯಸುವುದು ಬೇರೆ, ಮಾಂಸವನ್ನು ಬಯಸುವುದು ಬೇರೆ. ಮೀನುಗಳಿಗೆ ತೀನಿಯನ್ನು ಹಾಕಿ ಅವುಗಳನ್ನು ಪೋಷಿಸುವ ಕ್ರಮವನ್ನು ಹೇಳಿದ ಮೇಲೆಯೇ ದಾರ, ಕೋಲು, ಗಾಳಗಳ ಮಾತು ಬರುತ್ತದೆ. ಹೀಗೆ ಅರಿವು ಮೊದಲು, ಪೋಷಣೆ ನಂತರ, ಉಪಕರಣವು ಕೊನೆಗೆ. ಆತುರಗಾರನಿಗೆ ಈ ವಿನೋದದಲ್ಲಿ ಎಡೆಯಿಲ್ಲ.

ಇಲ್ಲಿ ಭಾಷಾವಿಚಾರವೊಂದು ಗಮನಾರ್ಹವಾದುದು. ಪಾಠಶಾಲೆಗಳಲ್ಲಿ ಬಾಲಕರು ಕಂಠಪಾಠ ಮಾಡುವ ಅಮರಕೋಶದ ವಾರಿವರ್ಗದಲ್ಲಿ ಗಾಳಕ್ಕೆ ಬಡಿಶವೆಂಬ ಶಬ್ದವಿದೆ, ಬೆಸ್ತರವನಿಗೆ ಕೈವರ್ತ, ದಾಶ, ಧೀವರ ಎಂಬ ಶಬ್ದಗಳಿವೆ. ರೋಹಿತ, ಶಕುಲ, ರಾಜೀವ ಮೊದಲಾದ ಮೀನುಗಳ ಹೆಸರೂ ಇವೆ. ಮಾನಸೋಲ್ಲಾಸದಲ್ಲಿ ರೋಹಿತ, ಪಾಠೀನಗಳೆಂಬ ಕೋಶದ ಹೆಸರುಗಳ ಜೊತೆಗೆ ಸೋರವೆಂಬಂತಹ ಹೆಸರೂ ಕಾಣುತ್ತದೆ. ಷಾರ್ಕ್ ಮೀನಿಗೆ ದಕ್ಷಿಣದ ಕರಾವಳಿಯ ಭಾಷೆಗಳಲ್ಲಿರುವ ಮಾತೂ ಇದೇ ಬಗೆಯದು. ಪಂಡಿತನು ಇಂತಹ ಶಬ್ದವನ್ನು ಕೋಶದಿಂದ ತೆಗೆದುಕೊಂಡಿರಲಾರನು. ಬಲೆ ಬೀಸುವವನ ಬಾಯಿಂದ ಕೇಳಿ ಶ್ಲೋಕದಲ್ಲಿ ಕೂಡಿಸಿರಬೇಕು. ಅರಮನೆಯ ಸಂಸ್ಕೃತಕ್ಕೆ ದೋಣಿಯವರ ಅನುಭವವು ಹೀಗೆ ಬಂದು ಸೇರಿತು. ಹೇಳಿಕೊಟ್ಟವರ ಹೆಸರು ಮಾತ್ರ ಗ್ರಂಥದಲ್ಲಿಲ್ಲ. ಅದೇ ಶತಮಾನದಲ್ಲಿ ಅಂಬಿಗರ ಚೌಡಯ್ಯನು ತನ್ನ ಕಾಯಕದ ಹೆಸರನ್ನೇ ಮುಂದಿಟ್ಟುಕೊಂಡು ಕನ್ನಡದಲ್ಲಿ ನುಡಿದನೆಂಬುದನ್ನು ನೆನೆದರೆ, ಅರಸನ ಗ್ರಂಥವು ಯಾರನ್ನು ಹೇಳದೆ ಬಿಟ್ಟಿತೆಂಬುದು ಸ್ಪಷ್ಟವಾಗುವುದು.

ಇತರ ದೇಶಗಳ ಇತಿಹಾಸದೊಡನೆ ಹೋಲಿಸಿದಾಗ ಈ ಪ್ರಕರಣದ ಬೆಲೆಯು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮೆಸಿಡೋನಿಯದ ಹೊಳೆಯೊಂದರಲ್ಲಿ ಜನರು ಗಾಳಕ್ಕೆ ಕೆಂಪು ಉಣ್ಣೆಯನ್ನೂ ಹುಂಜದ ಗರಿಗಳನ್ನೂ ಸುತ್ತಿ, ನೊಣದಂತೆ ಕಾಣಿಸಿ, ಮೀನುಗಳನ್ನು ಮೋಸಗೊಳಿಸುತ್ತಿದ್ದರೆಂದು ರೋಮನ್ನರ ಕಾಲದ ಈಲಿಯನ್ ಎಂಬ ಗ್ರಂಥಕಾರನು ಬರೆದಿಟ್ಟಿರುವನು. ಇಂಗ್ಲೆಂಡಿನಲ್ಲಿ ಗಾಳದ ಮೀನುಗಾರಿಕೆಯ ಮೊದಲನೆಯ ಪುಸ್ತಕವು ಅಚ್ಚಾದುದು 1496ರಲ್ಲಿ. ಅದರಲ್ಲಿ ಹನ್ನೆರಡು ಬಗೆಯ ಕೃತಕ ನೊಣಗಳ ವಿವರಣೆಯಿದೆ. ಐಸಾಕ್ ವಾಲ್ಟನ್ನನ ಪ್ರಸಿದ್ಧ ಪುಸ್ತಕವು 1653ರದು. ಇಂಗ್ಲೆಂಡಿನ ಮೊದಲನೆಯ ಪುಸ್ತಕಕ್ಕಿಂತಲೂ ಮುನ್ನೂರೈವತ್ತು ವರ್ಷಗಳಿಗೆ ಹಿಂದೆಯೇ ಕಲ್ಯಾಣದಲ್ಲಿ ಈ ವಿದ್ಯೆಯು ಗ್ರಂಥಸ್ಥವಾಗಿದ್ದಿತು. ಆದರೆ ಒಂದು ಭೇದವನ್ನು ಮರೆಯಲಾಗದು. ತಣ್ಣೀರಿನ ಬೆಟ್ಟದ ತೊರೆಗಳಲ್ಲಿ ಬಾಳುವ ಟ್ರೌಟ್ ಮೀನು ನೀರಿನ ಮೇಲೆ ಸುಳಿಯುವ ಹುಳುಗಳಿಗೆ ಹಾರುತ್ತದೆ. ಆದುದರಿಂದ ಅಲ್ಲಿ ಕೃತಕ ನೊಣವು ಹುಟ್ಟಿತು. ದಖ್ಖಣದ ಬೆಚ್ಚನೆಯ ನೀರಿನಲ್ಲಿ ಟ್ರೌಟ್ ಬದುಕದು. ಆದುದರಿಂದ ಇಲ್ಲಿ ತೀನಿಯ ಶಾಸ್ತ್ರವು ಬೆಳೆಯಿತು. ದೇಶಕ್ಕೆ ತಕ್ಕ ವಿದ್ಯೆಯೇ ಹೊರತು ಇದರಲ್ಲಿ ಹೆಚ್ಚುಕಡಿಮೆಯ ಮಾತಿಲ್ಲ.

ಈ ದೇಶಕ್ಕೆ ಬಂದ ಆಂಗ್ಲರು ತಮ್ಮ ನಾಡಿನ ಮೀನನ್ನೇ ಹಂಬಲಿಸಿ 1860ರ ದಶಕದಲ್ಲಿ ನೀಲಗಿರಿಗೆ ಟ್ರೌಟನ್ನು ತರಲು ಯತ್ನಿಸಿ ವಿಫಲರಾದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಶ್ಮೀರದಲ್ಲಿಯೂ ನೀಲಗಿರಿಯಲ್ಲಿಯೂ ಅದು ನೆಲೆಯೂರಿತು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಎಚ್. ಎಸ್. ಥಾಮಸ್ ಎಂಬವನು ಭಾರತದ ಹೊಳೆಗಳ ಗಾಳದ ಬೇಟೆಯನ್ನು ಕುರಿತು ಬರೆದ ಪುಸ್ತಕವು 1873ರಲ್ಲಿ ಮಂಗಳೂರಿನಲ್ಲಿಯೇ ಪ್ರಕಟವಾಯಿತು. ಹೊರಗಿನಿಂದ ತಂದ ಮೀನಿಗೆ ಇಷ್ಟು ಆರೈಕೆ ನಡೆದಿರಲು, ಕಾವೇರಿಯ ಸ್ವಂತ ಸಂಪತ್ತಾದ ಡುಬ್ಬಬೆನ್ನಿನ ಮಹಸೀರ್ ಮೀನು 2018ರಲ್ಲಿ ಅತ್ಯಂತ ಅಪಾಯಕ್ಕೆ ಗುರಿಯಾದ ಜೀವಿಗಳ ಪಟ್ಟಿಗೆ ಸೇರಿತು.

ಮತ್ಸ್ಯವಿನೋದವು ವಿನೋದವಾದರೂ ಹಿಂಸೆಯೇ ಎಂಬುದನ್ನು ಇತಿಹಾಸವು ಮರೆಮಾಚಬಾರದು. ತೀನಿಯನ್ನಿಕ್ಕಿ ನಂಬಿಸಿದ ಜೀವವನ್ನೇ ಗಾಳದಿಂದ ಎಳೆಯುವುದು ಅರಸನ ಉಲ್ಲಾಸವಾಗಿದ್ದ ಊರಿನಲ್ಲಿಯೇ, ಕೆಲವೇ ದಶಕಗಳಲ್ಲಿ, ದಯೆಯನ್ನು ಧರ್ಮದ ಬುಡವೆಂದು ಸಾರಿದವರು ನೆರೆದರು. ಇವೆರಡೂ ಕಲ್ಯಾಣದವೇ. ಒಂದನ್ನು ಆದರಿಸುವುದಕ್ಕಾಗಿ ಇನ್ನೊಂದನ್ನು ಇಲ್ಲವೆನ್ನಬೇಕಾಗಿಲ್ಲ. ಜೀವಿಯ ಸ್ವಭಾವವನ್ನು ಸೂಕ್ಷ್ಮವಾಗಿ ಅರಿತ ಕಣ್ಣು ಬೇಟೆಗೂ ಒದಗುತ್ತದೆ, ರಕ್ಷಣೆಗೂ ಒದಗುತ್ತದೆ.

ಸೋಮೇಶ್ವರನ ಬಳಿಕ ಬಹುಕಾಲ ಚಾಳುಕ್ಯರ ವೈಭವವು ನಿಲ್ಲಲಿಲ್ಲ. ಸಿಂಹಾಸನವು ಕಳಚುರಿ ಬಿಜ್ಜಳನ ವಶವಾಯಿತು, ನಗರವು ಕ್ಷೋಭೆಗೊಳಗಾಯಿತು. ಗ್ರಂಥವಾದರೋ ದೂರದ ಊರುಗಳ ಹಸ್ತಪ್ರತಿಗಳಲ್ಲಿ ಬದುಕಿತು. ಬರೋಡೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ 1925, 1939, 1961ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು, ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1926ರಲ್ಲಿ ಮೊದಲ ಭಾಗವನ್ನು ಪ್ರಕಟಿಸಿದರು. ಮತ್ಸ್ಯಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಪ್ರಕರಣವನ್ನೇ ಪರಿಶೀಲಿಸಿ ಬರೆದರು. ಹೀಗೆ ಗುಜರಾತಿನಲ್ಲಿ ಅಚ್ಚಾಗಿ ಕಲಕತ್ತೆಯಲ್ಲಿ ವಿಮರ್ಶೆಗೊಂಡ ಗ್ರಂಥವು ತಾನು ಹುಟ್ಟಿದ ಬೀದರ ಸೀಮೆಯ ಮನೆಗಳಲ್ಲಿ ಇನ್ನೂ ಅಪರಿಚಿತವಾಗಿಯೇ ಇದೆ.

ಈ ಕೊರತೆಯನ್ನು ತುಂಬುವುದು ಅಸಾಧ್ಯವೇನಲ್ಲ. ಬಸವಕಲ್ಯಾಣದ ತ್ರಿಪುರಾಂತ ಕೆರೆ, ಮುಲ್ಲಾಮಾರಿ ಮತ್ತು ಚುಳಕಿ ನಾಲೆಗಳ ನೀರು, ಕಾರಂಜಾ ಮತ್ತು ಮಾಂಜ್ರಾ ಹೊಳೆಗಳು ಈ ಸೀಮೆಯಲ್ಲಿ ಇಂದಿಗೂ ಇವೆ. ಅವುಗಳ ದಂಡೆಯಲ್ಲಿ ಬಲೆ ಬೀಸುವ ಮನೆತನಗಳೂ ಇವೆ. 1948ರ ಘೋರ ಘಟನೆಯೊಂದರಿಂದಲೇ ಹೆಸರಾಗಿರುವ ಗೋರ್ಟಾದಂತಹ ಊರುಗಳ ವಿದ್ಯಾವಂತ ತರುಣರು ಆ ಹಿರಿಯರ ಬಳಿ ಕುಳಿತು, ಯಾವ ಮೀನಿಗೆ ಯಾವ ಹೆಸರು, ಅದು ಯಾವ ಋತುವಿನಲ್ಲಿ ಕಾಣುತ್ತದೆ, ಏನನ್ನು ತಿನ್ನುತ್ತದೆ ಎಂಬುದನ್ನು ಬರೆದುಕೊಂಡು ಮಾನಸೋಲ್ಲಾಸದ ಪಟ್ಟಿಯೊಡನೆ ಹೋಲಿಸಬಹುದು. ಅದರಿಂದ ಅರ್ಥವಾಗದೆ ಉಳಿದ ಕೆಲವು ಶಬ್ದಗಳಿಗೆ ಅರ್ಥವು ದೊರೆತೀತು. ಈ ಸಲ ಹೇಳಿಕೊಟ್ಟವರ ಊರನ್ನೂ ಕಸುಬನ್ನೂ ಬರಹದಲ್ಲಿ ಕಾಣಿಸಿದರೆ, ಭೂಲೋಕಮಲ್ಲನ ಗ್ರಂಥದಲ್ಲಿ ಬಿಟ್ಟುಹೋದ ಸಾಲೊಂದನ್ನು ಎಂಟುನೂರು ವರ್ಷಗಳಿಗೂ ಮೀರಿದ ಕಾಲದ ಮೇಲೆ ಪೂರ್ತಿಗೊಳಿಸಿದಂತಾಗುವುದು.