ದಫ್ತರದಿಂದ ದತ್ತಕೋಶಕ್ಕೆ: ರಾಯಚೂರು ಸೀಮೆಯ ಪಹಣಿಯ ಚರಿತ್ರೆ

ರಾಯಚೂರು ತಾಲ್ಲೂಕಿನ ಚಂದ್ರಬಂಡ ಹೋಬಳಿಯ ರೈತರು ಇಂದು ನಾಡಕಚೇರಿಯಲ್ಲಿ ಸರ್ವೆ ನಂಬರು ಹೇಳಿ ಪಡೆಯುವ ಪಹಣಿ, ಅಂದರೆ ಜಮೀನಿನ ಒಡೆತನ, ವಿಸ್ತೀರ್ಣ, ಸಾಲ ಮತ್ತು ಬೆಳೆಯ ವಿವರಗಳನ್ನು ಒಂದೇ ಹಾಳೆಯಲ್ಲಿ ಹೇಳುವ ಪತ್ರ, ಆ ಕಚೇರಿಯ ಕಪಾಟಿನಿಂದ ಹೊರಬರುವುದಿಲ್ಲ. ಬೆಂಗಳೂರಿನ ದತ್ತಕೇಂದ್ರದಲ್ಲಿರುವ ಸರ್ವರಿನಿಂದ, ಎಂದರೆ ಹಲವು ಗಣಕಗಳಿಗೆ ಒಂದೇ ಕಡೆಯಿಂದ ಮಾಹಿತಿ ಒದಗಿಸುವ ಯಂತ್ರದಿಂದ, ಜಾಲದ ಮೂಲಕ ಬಂದು ಅಲ್ಲಿ ಅಚ್ಚಾಗುತ್ತದೆ. ಈ ಸಂಗ್ರಹವನ್ನು ನಡೆಸುವ ‘ಭೂಮಿ’ ತಂತ್ರಾಂಶ ಎರಡು ದಶಕಗಳಿಗೂ ಮಿಕ್ಕ ಕಾಲದಲ್ಲಿ ಮತ್ತೆ ಮತ್ತೆ ಪರಿಷ್ಕಾರಗೊಂಡಿದೆ. ದಾಖಲೆಯನ್ನು ಇಡುವ ಬಗೆಯಲ್ಲಿದ್ದ ದೋಷಗಳು ಈ ಪರಿಷ್ಕಾರಗಳಿಂದ ಬಹುಮಟ್ಟಿಗೆ ನೀಗಿದರೂ, ಬರೆಯುವಾಗಲೇ ಆದ ದೋಷಗಳು ಹೊಸ ಸಂಗ್ರಹದೊಳಕ್ಕೂ ಹಾಗೆಯೇ ನಡೆದುಬಂದವು. ಹಳೆಯ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ರಾಯಚೂರು ಜಿಲ್ಲೆಯಲ್ಲಿ ಅವುಗಳ ಬೇರು ಇನ್ನೂ ಆಳದಲ್ಲಿದೆ.

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ದೋಆಬ ಪ್ರದೇಶ, ರಾಯಚೂರು ಸೀಮೆಯೂ ಸೇರಿದಂತೆ, 1853ರಲ್ಲಿ ಒಪ್ಪಂದವೊಂದರ ಮೂಲಕ ಬ್ರಿಟಿಷರ ಆಡಳಿತಕ್ಕೆ ಹೋಗಿ, 1860ರಲ್ಲಿ ಮರಳಿ ಹೈದರಾಬಾದಿನ ನಿಜಾಮರ ಕೈಸೇರಿತು. ದಿವಾನ ಸಾಲಾರ್ ಜಂಗ್ 1865ರಲ್ಲಿ ತಂದ ಜಿಲಾಬಂದಿ, ಎಂದರೆ ಸಂಸ್ಥಾನವನ್ನು ಜಿಲ್ಲೆ ತಾಲ್ಲೂಕುಗಳಾಗಿ ವಿಂಗಡಿಸಿ ಸಂಬಳದ ಅಧಿಕಾರಿಗಳ ಮೂಲಕ ಕಂದಾಯ ವಸೂಲು ಮಾಡುವ ಏರ್ಪಾಡು, ಮುಂದಿನ ಭೂಮಾಪನಕ್ಕೆ ಅಡಿಪಾಯವಾಯಿತು. ಭೂಮಾಪನದ ನಂತರ ಸಿದ್ಧವಾಗುವ ದಾಖಲೆಯಾದ ಸೇತ್ವಾರ್, ವರ್ಷವರ್ಷದ ಸಾಗುವಳಿಯನ್ನು ಬರೆದಿಡುವ ಪಹಣಿ, ವಾರಸುದಾರರ ಹೆಸರು ಏರಿಸುವ ವಿರಾಸತ್ ಮೊದಲಾದ ಪದಗಳು ಆ ಆಡಳಿತದಿಂದ ಬಂದು ಈ ಸೀಮೆಯ ಮಾತಿನಲ್ಲಿ ಉಳಿದುಕೊಂಡಿವೆ. ಹೈದರಾಬಾದ್ ಭೂಕಂದಾಯ ಕಾಯಿದೆ 1317ನೇ ಫಸಲಿಯದು. ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷಕ್ಕೆ 590 ಕೂಡಿಸಿದರೆ ಕ್ರಿಸ್ತಶಕ ದೊರೆಯುವುದರಿಂದ ಅದು 1907ರ ಕಾಯಿದೆಯೆಂದಾಗುತ್ತದೆ. ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ 1954–55ರಲ್ಲಿ ಹೊಲಹೊಲಕ್ಕೂ ಸಿದ್ಧಪಡಿಸಿದ ಖಾಸ್ರಾ ಪಹಣಿ ಇಂದಿಗೂ ಹಕ್ಕಿನ ವ್ಯಾಜ್ಯಗಳಲ್ಲಿ ಮುಖ್ಯ ಆಧಾರವೆನಿಸಿದೆ. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ನೆರೆಯ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಪಾಲಾದವು. ಒಂದೇ ಜಿಲ್ಲೆಯ ಕಡತಗಳು ಎರಡು ರಾಜ್ಯಗಳಿಗೆ ಹಂಚಿಹೋದದ್ದು ಹೀಗೆ.

ಗ್ರಾಮಮಟ್ಟದಲ್ಲಿ ಈ ದಾಖಲೆಗಳ ಕಾವಲುಗಾರ ಪಟವಾರಿ. ವಂಶಪಾರಂಪರ್ಯವಾಗಿ ಬಂದ ಆ ಹುದ್ದೆಯವನ ದಫ್ತರವೇ ಊರಿನ ಏಕೈಕ ಸಂಗ್ರಹ. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯಿಂದ ವಂಶದ ಹಕ್ಕು ಕೊನೆಗೊಂಡು ಸಂಬಳದ ಗ್ರಾಮಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯಿದೆ ಹಕ್ಕುಬದಲಾವಣೆಯನ್ನು, ಎಂದರೆ ಮ್ಯುಟೇಶನ್ ಅನ್ನು, ಮೂರು ತಿಂಗಳೊಳಗೆ ವರದಿ ಮಾಡಬೇಕೆಂದೂ ತಕರಾರಿಗೆ ಮೂವತ್ತು ದಿನ ಬಿಡಬೇಕೆಂದೂ ವಿಧಿಸಿತು. ಆದರೆ ದಫ್ತರದ ಸ್ವಭಾವ ಬದಲಾಗಲಿಲ್ಲ. ತಿದ್ದಿದವರು ಯಾರು, ಎಂದು ತಿದ್ದಿದರು, ತಿದ್ದುವ ಮುನ್ನ ಅಲ್ಲಿ ಏನಿತ್ತು ಎಂಬ ಪ್ರಶ್ನೆಗಳಿಗೆ ಕೈಬರಹದ ಪುಸ್ತಕದಲ್ಲಿ ಉತ್ತರ ಸಿಗುವುದು ಅಪರೂಪವಾಗಿತ್ತು. ಯಾರ ಅರ್ಜಿ ಮೊದಲು ಕೈಗೆತ್ತಿಕೊಳ್ಳಬೇಕು ಎಂಬುದೂ ಲೆಕ್ಕಿಗನ ಮರ್ಜಿಗೆ ಬಿಟ್ಟದ್ದಾಗಿತ್ತು. ಬಡ ರೈತ ಈ ಮರ್ಜಿಗೆ ತೆತ್ತ ಬೆಲೆಯನ್ನು ಕಂದಾಯದ ಯಾವ ಲೆಕ್ಕಪುಸ್ತಕವೂ ಬರೆದಿಟ್ಟಿಲ್ಲ.

ಭೂದಾಖಲೆಗಳನ್ನು ಗಣಕಕ್ಕೆ ಏರಿಸುವ ಮೊದಲ ಪ್ರಯತ್ನ ರಾಜ್ಯದಲ್ಲಿ ನಡೆದದ್ದು ರಾಯಚೂರಿನ ನೆರೆಯಲ್ಲೇ, 1991ರಲ್ಲಿ, ಆಗಿನ ಗುಲ್ಬರ್ಗ ಜಿಲ್ಲೆಯಲ್ಲಿ. ಅದು ಸೋತದ್ದಕ್ಕೆ ಕಾರಣ ಯಂತ್ರವಲ್ಲ. ಇದ್ದ ದಾಖಲೆಗಳನ್ನು ಗಣಕಕ್ಕೆ ತುಂಬಲಾಯಿತೇ ಹೊರತು ಮುಂದಿನ ಹಕ್ಕುಬದಲಾವಣೆಗಳನ್ನು ಅದರಲ್ಲೇ ನಡೆಸುವ ವ್ಯವಸ್ಥೆಯಿಲ್ಲದಿದ್ದುದರಿಂದ, ಹೊರಗೆ ಜಮೀನು ಕೈಬದಲಾಗುತ್ತಿದ್ದಂತೆ ಒಳಗಿನ ದಾಖಲೆ ಹಳತಾಗುತ್ತ ಹೋಯಿತು. ಈ ಪಾಠವನ್ನು ಅರಗಿಸಿಕೊಂಡು, ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಎನ್‌ಐಸಿ ಎಂದು ಹೆಸರಾದ ಕೇಂದ್ರ ಸರ್ಕಾರದ ಮಾಹಿತಿ ಸಂಸ್ಥೆ ‘ಭೂಮಿ’ ತಂತ್ರಾಂಶವನ್ನು ರೂಪಿಸಿತು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಯೋಗವಾಗಿ ತೊಡಗಿದ ಯೋಜನೆ 2002ರ ಹೊತ್ತಿಗೆ ಅಂದಿನ 177 ಸ್ಥಳಗಳ ಭೂಮಿ ಕೇಂದ್ರಗಳಿಗೆ ಹಬ್ಬಿ, ಸುಮಾರು ಎರಡು ಕೋಟಿ ಪಹಣಿಗಳನ್ನು ಒಳಗೊಂಡಿತು. ಹದಿನೈದು ರೂಪಾಯಿಗೆ ಅಚ್ಚಾದ ಪಹಣಿ ಸಿಗತೊಡಗಿತು. ಅದಕ್ಕಿಂತ ಹಿರಿದಾದ ಹೆಜ್ಜೆಯೆಂದರೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಘೋಷಿಸಿದ್ದು, ಏಕೆಂದರೆ ಎರಡು ದಾಖಲೆಗಳು ಜೊತೆಜೊತೆಗೆ ಬದುಕಿದ್ದರೆ ಸೋಲುವುದು ಹೊಸದೇ ಆಗಿರುತ್ತಿತ್ತು.

ಅರ್ಜಿಗಳನ್ನು ಬಂದ ಸರದಿಯಲ್ಲೇ ಇತ್ಯರ್ಥಪಡಿಸಬೇಕೆಂಬ ಕಟ್ಟು ತಂತ್ರಾಂಶದೊಳಗೇ ಸೇರಿತು. ದಾಖಲೆಯನ್ನು ತಿದ್ದುವ ಅಧಿಕಾರಿ ಗುಪ್ತಪದದ ಬದಲು ಬೆರಳಗುರುತಿನಿಂದ ಪ್ರವೇಶಿಸಬೇಕಾದ್ದರಿಂದ, ಮುಂದೆ ಆ ತಿದ್ದುಪಡಿ ತನ್ನದಲ್ಲವೆನ್ನಲು ಅವಕಾಶ ಉಳಿಯಲಿಲ್ಲ. ಸಹಿಯಾದ ಆದೇಶದ ಬಿಂಬವೂ ದಾಖಲೆಯ ಜೊತೆಗೇ ಸಂಗ್ರಹವಾಯಿತು. ಮೊದಲ ಘಟ್ಟದ ಕೊರತೆಯಿದ್ದದ್ದು ಸಂಗ್ರಹದ ರಚನೆಯಲ್ಲಿ. ಪ್ರತಿ ತಾಲ್ಲೂಕಿನ ಸರ್ವರು ತನ್ನ ಪಾಡಿಗೆ ತಾನಿದ್ದುದರಿಂದ ರಾಯಚೂರಿನ ದಾಖಲೆ ರಾಯಚೂರಿನಲ್ಲೇ, ಮಾನ್ವಿಯದು ಮಾನ್ವಿಯಲ್ಲೇ, ದೇವದುರ್ಗದ್ದು ದೇವದುರ್ಗದಲ್ಲೇ ಸಿಗುತ್ತಿತ್ತು, ಯಂತ್ರ ಕೆಟ್ಟರೆ ಇಡೀ ತಾಲ್ಲೂಕಿನ ಕೆಲಸ ನಿಲ್ಲುತ್ತಿತ್ತು. ತಾಲ್ಲೂಕುಗಳ ದತ್ತಾಂಶವನ್ನು ಜಾಲದ ಮೂಲಕ ರಾಜ್ಯದ ಕೇಂದ್ರಕ್ಕೆ ತಂದ ಮೇಲೆಯೇ ಹೋಬಳಿಯ ನಾಡಕಚೇರಿ, ಬ್ಯಾಂಕು, ರೈತನ ಮೊಬೈಲು ಎಲ್ಲವೂ ಒಂದೇ ಸಂಗ್ರಹವನ್ನು ಓದುವಂತಾಯಿತು. ಇದಕ್ಕೆ ತೆತ್ತ ಬೆಲೆಯೂ ಇದೆ: ಹಿಂದೆ ಒಂದು ತಾಲ್ಲೂಕಿಗೆ ತಟ್ಟುತ್ತಿದ್ದ ಅಡಚಣೆ ಈಗ ಕೇಂದ್ರ ಕೈಕೊಟ್ಟ ದಿನ ಇಡೀ ರಾಜ್ಯಕ್ಕೆ ತಟ್ಟುತ್ತದೆ, ‘ಸರ್ವರ್ ಡೌನ್’ ಎಂಬ ಮಾತು ಹಳ್ಳಿಗಳ ನಿತ್ಯದ ನುಡಿಯಾಗಿದೆ.

ಅನಂತರದ ಪರಿಷ್ಕಾರಗಳು ಇತರ ಸಂಗ್ರಹಗಳೊಡನೆ ಕೊಂಡಿ ಬೆಸೆದವು. ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದೊಡನೆ ‘ಭೂಮಿ’ ಕೂಡಿದ್ದರಿಂದ, ಪಹಣಿಯಲ್ಲಿ ಹೆಸರಿಲ್ಲದವರು ಜಮೀನು ಮಾರುವುದು ಕಷ್ಟವಾಯಿತು, ಕ್ರಯಪತ್ರವಾದ ಸುದ್ದಿ ತಾನಾಗಿ ತಾಲ್ಲೂಕು ಕಚೇರಿಗೆ ತಲುಪತೊಡಗಿತು. ಭೂಮಾಪನ ಇಲಾಖೆಯ ‘ಮೋಜಿಣಿ’ ತಂತ್ರಾಂಶದ ಮೂಲಕ, ಜಮೀನಿನ ಒಂದು ಭಾಗವನ್ನು ಮಾರುವ ಮುನ್ನವೇ ಅಳತೆಯ 11ಇ ನಕ್ಷೆ ಸಿದ್ಧವಾಗಬೇಕೆಂಬ ನಿಯಮ ಜಾರಿಗೆ ಬಂತು. ಆಗ ಬಯಲಾದದ್ದು ಹಳೆಯ ಗಾಯ. ಪಹಣಿಯ 3ನೇ ಕಾಲಮಿನಲ್ಲಿ ಜಮೀನಿನ ಒಟ್ಟು ವಿಸ್ತೀರ್ಣವೂ 9ನೇ ಕಾಲಮಿನಲ್ಲಿ ಒಡೆಯರ ಹೆಸರು ಮತ್ತು ಪಾಲೂ ಇರುತ್ತವೆ; ಈ ಎರಡರ ಮೊತ್ತ ತಾಳೆಯಾಗದ ಪಹಣಿಗಳು ಲೆಕ್ಕಿಗರ ಕೈಬರಹದಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿದ್ದವು, ಗಣಕವಾದರೋ ಇವುಗಳನ್ನು ಮುಂದಕ್ಕೆ ಬಿಡದೆ ತಡೆಯಿತು. ಇಂತಹವನ್ನು ಸರಿಪಡಿಸಲು ಕಂದಾಯ ಅದಾಲತ್‌ಗಳು ನಡೆಯಬೇಕಾದವು. ತಡೆಹಿಡಿದದ್ದಕ್ಕೆ ತಂತ್ರಾಂಶವನ್ನು ದೂರಿದವರಿದ್ದಾರೆ. ಆದರೆ ದೋಷವನ್ನು ಮುಚ್ಚಿಟ್ಟುಕೊಂಡು ಸಾಗುವ ದಾಖಲೆಗಿಂತ ದೋಷವನ್ನು ತೋರಿಸಿ ನಿಲ್ಲುವ ದಾಖಲೆಯೇ ರೈತನಿಗೆ ಹೆಚ್ಚು ಹಿತವಾದದ್ದು.

ಅಂಕಿಯ ತಪ್ಪನ್ನು ಗಣಕ ಹಿಡಿಯಬಲ್ಲದು, ಹೆಸರಿನ ತಪ್ಪನ್ನು ಹಿಡಿಯಲಾರದು. ನಿಜಾಮರ ಆಡಳಿತದಲ್ಲಿ 1884ರಿಂದ ಪಾರಸಿಯ ಸ್ಥಾನಕ್ಕೆ ಉರ್ದು ಬಂದು, ಕನ್ನಡ ತೆಲುಗು ಮನೆಮಾತಿನ ರೈತರ ಹೆಸರುಗಳು ಆ ಲಿಪಿಯಲ್ಲಿ ದಾಖಲಾದವು. ವಾಡಿಕೆಯ ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವುದಿಲ್ಲ. ಳಕಾರಕ್ಕೂ ಣಕಾರಕ್ಕೂ ಬೇರೆ ಅಕ್ಷರಗಳಿಲ್ಲ. ತಿಮ್ಮಣ್ಣ ಮತ್ತು ತಮ್ಮಣ್ಣ ಎಂಬ ಇಬ್ಬರು ಆ ಬರಹದಲ್ಲಿ ಒಬ್ಬರೇ ಆಗಬಹುದು, ಕಾಳಪ್ಪ ಕಾಲಪ್ಪನಾಗಬಹುದು. ಇಂತಹ ಪುಟದಿಂದ ಕನ್ನಡಕ್ಕೆ ಇಳಿದ ಹೆಸರು ಗಣಕಕ್ಕೂ ಅದೇ ರೂಪದಲ್ಲಿ ಏರಿತೆಂದರೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬೆಲೆ ಏರಿದ ಮಾನ್ವಿಯ ಹೊಲವಾಗಲಿ, ನಾರಾಯಣಪುರ ಬಲದಂಡೆಯ ನೀರು ಕಂಡ ದೇವದುರ್ಗದ ಹೊಲವಾಗಲಿ, ಮೊಮ್ಮಗನ ವಿರಾಸತ್ ಅರ್ಜಿ ಅಜ್ಜನ ಹೆಸರಿನಲ್ಲೇ ಸಿಕ್ಕಿಕೊಳ್ಳುತ್ತದೆ.

ಈ ಕಾರಣಕ್ಕೆ, 2024ರಲ್ಲಿ ಕಂದಾಯ ಇಲಾಖೆ ಕೈಗೊಂಡ ‘ಭೂಸುರಕ್ಷಾ’ ಯೋಜನೆ ಹಿಂದಿನ ಎಲ್ಲ ಪರಿಷ್ಕಾರಗಳಿಗಿಂತ ಭಿನ್ನವಾದದ್ದು. ಇದು ದಾಖಲೆಯ ಸಾರವನ್ನು ಮರಳಿ ಬೆರಳಚ್ಚು ಮಾಡುವುದಿಲ್ಲ, ತಾಲ್ಲೂಕು ಕಚೇರಿಗಳ ದಾಖಲೆಕೋಣೆಗಳಲ್ಲಿರುವ ಮೂಲ ಪುಟಗಳನ್ನೇ ಸ್ಕ್ಯಾನ್ ಮಾಡಿ ಜಾಲದ ಸಂಗ್ರಹದಲ್ಲಿ ಇಡುತ್ತದೆ. ಪುಟ ಗೆದ್ದಲಿಗೆ ಸಿಕ್ಕದೆ, ಕಳವಾಗದೆ ಉಳಿಯುತ್ತದೆ, ಅದರಲ್ಲಿ ಹೊಸ ಅಕ್ಷರ ಸೇರಿಸುವುದೂ ಸಾಧ್ಯವಾಗುವುದಿಲ್ಲ. ರಾಯಚೂರು ಸೀಮೆಯ ಹಳೆಯ ಪುಟಗಳ ಮಟ್ಟಿಗೆ ಇನ್ನೊಂದು ಕೆಲಸ ಇದರ ಜೊತೆಗೇ ಆಗಬೇಕಿದೆ: ಶಿಕಸ್ತಾ ಎಂಬ ವೇಗದ ಉರ್ದು ಬರಹವನ್ನೂ ಫಸಲಿ ತಾರೀಖುಗಳನ್ನೂ ಓದಬಲ್ಲವರನ್ನು ಕಂದಾಯ ಕಚೇರಿಗಳಲ್ಲಿ ತರಬೇತುಗೊಳಿಸಿ, ಅವರು ಓದಿದ ಹೆಸರನ್ನು ಪಹಣಿಯ ಹೆಸರಿನೊಡನೆ ಇಟ್ಟು ನೋಡಿ, ತಾಳೆಯಾಗದೆಡೆ ತಹಶೀಲ್ದಾರರ ಮುಂದೆ ವಿಚಾರಣೆಗೆ ಒಪ್ಪಿಸುವುದು.