ಚಿನ್ನದ ಗಣಿಯ ಪಹರೆ: ಸಂಶಯಕ್ಕೆ ಗಂಡು, ರಕ್ಷಣೆಗೆ ಹೆಣ್ಣು

ಕೋಲಾರ ಚಿನ್ನದ ಗಣಿ ಪ್ರದೇಶ (ಕೆಜಿಎಫ್) ಕಂದಾಯ ಲೆಕ್ಕದಲ್ಲಿ ಎಂದೂ ಜಿಲ್ಲೆಯಾಗಲಿಲ್ಲ. ಪೊಲೀಸ್ ಲೆಕ್ಕದಲ್ಲಿ ಮಾತ್ರ ಅದು ಬೇರೆಯೇ ಜಿಲ್ಲೆ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಉರಿಗಾಂ, ಚಾಂಪಿಯನ್ ರೀಫ್ಸ್, ಮಾರಿಕುಪ್ಪಂ, ಬಂಗಾರಪೇಟೆಯ ಠಾಣೆಗಳು ಕೋಲಾರದ ಎಸ್‌ಪಿಗೆ ಸೇರದೆ ಕೆಜಿಎಫ್‌ನ ಎಸ್‌ಪಿ ಅಧೀನದಲ್ಲಿವೆ. ಇಷ್ಟು ಸಣ್ಣ ಸೀಮೆಗೆ ಪ್ರತ್ಯೇಕ ಪೊಲೀಸ್ ವ್ಯವಸ್ಥೆ ಬೇಕಾದದ್ದು ಚಿನ್ನದ ಕಾರಣಕ್ಕೆ. ಜನರನ್ನು ಕಳ್ಳರಿಂದ ಕಾಯುವುದಕ್ಕಿಂತ ಚಿನ್ನವನ್ನು ಜನರಿಂದ ಕಾಯುವುದೇ ಅದರ ಮೊದಲ ಕೆಲಸವಾಗಿತ್ತು. ಆ ಜನರೆಂದರೆ ಬಹುಪಾಲು ಗಂಡಸರು. ಗಂಡನ್ನು ಶಂಕಿತನಾಗಿಯೂ ಹೆಣ್ಣನ್ನು ಆಶ್ರಿತಳಾಗಿಯೂ ಕಾಣುವ ಪೊಲೀಸ್ ದೃಷ್ಟಿ ದೇಶದಲ್ಲೆಲ್ಲ ಇದ್ದದ್ದೇ. ಗಣಿಯೂರಿನಲ್ಲಿ ಅದು ದಿನದಿನದ ಪದ್ಧತಿಯಾಗಿ ನೆಲೆಗೊಂಡಿತು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿನ ಗಣಿಗಳ ಆಡಳಿತ ವಹಿಸಿಕೊಂಡಿತು. ಉತ್ತರ ಆರ್ಕಾಟ್ ಮತ್ತು ಚಿತ್ತೂರು ಸೀಮೆಗಳಿಂದ ಕೂಲಿಕಾರರು ಬಂದರು. ಅವರಲ್ಲಿ ಹೆಚ್ಚಿನವರು ಊರಿನಲ್ಲಿ ಭೂಮಿಯಿಲ್ಲದ, ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ತಮಿಳು ಸಮುದಾಯಗಳವರು. ಮೇಲ್ವಿಚಾರಣೆಗೆ ಕಾರ್ನ್‌ವಾಲ್ ಮತ್ತು ಇಟಲಿಯ ಗಣಿಗಾರರಿದ್ದರು, ಕಾವಲಿಗೆ ಪಂಜಾಬಿನ ಕಡೆಯಿಂದ ಕರೆಸಿದವರಿದ್ದರು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, 1890ರ ದಶಕದಲ್ಲಿ ಗಣಿಗೆ ರೈಲು ಹಾದಿ ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಗಣಿಗಳ ಸುತ್ತ ಕಿಕ್ಕಿರಿದ ತಟ್ಟಿ ಗುಡಿಸಲುಗಳ ಆಚೆಗೆ ಚೌಕ ಬೀದಿಗಳ ಪೇಟೆಯೊಂದನ್ನು ಕಟ್ಟಿ, ಮೈಸೂರಿನ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ ಹೆಸರಿಟ್ಟರು. ಗಣಿಯ ನೆಲದಲ್ಲಿ ಕಂಪನಿಯ ಮಾತೇ ಕೊನೆ. ಪೇಟೆಯಲ್ಲಾದರೋ ಸಂಸ್ಥಾನದ ಸರ್ಕಾರ, ಅಂಗಡಿ, ಗಿರವಿ, ಅಕ್ಕಸಾಲೆ ಎಲ್ಲ ಇದ್ದವು. ಕದ್ದ ಚಿನ್ನ ಕರಗಬೇಕಾದರೆ ಇಂಥ ಪೇಟೆಯೇ ಬೇಕು, ಆದ್ದರಿಂದ ಸಂಶಯ ಗಣಿಯ ಬಾಗಿಲಿಗೇ ನಿಲ್ಲುವಂತಿರಲಿಲ್ಲ.

ಗಣಿಯ ಕಾವಲಿಗೆ ಎರಡು ಪದರಗಳಿದ್ದವು. ಒಂದು ಕಂಪನಿಯದೇ ಆದ ವಾಚ್ ಅಂಡ್ ವಾರ್ಡ್ ಪಡೆ, ಇನ್ನೊಂದು ಸಂಸ್ಥಾನದ ಪೊಲೀಸ್. ಪಾಳಿ ಮುಗಿಸಿ ಮೇಲೆ ಬಂದ ಕೆಲಸಗಾರ ಜಡ್ತಿ ಕೊಟ್ಟೇ ಹೊರಗೆ ಹೋಗಬೇಕಿತ್ತು. ಬಟ್ಟೆ, ತಲೆಗೂದಲು, ಬಾಯಿ, ಬುತ್ತಿ ಪಾತ್ರೆ ಯಾವುದಕ್ಕೂ ವಿನಾಯಿತಿ ಇರಲಿಲ್ಲ. ಬೆಣಚುಕಲ್ಲಿನ ಚೂರಿನಲ್ಲಿ ಕಣ್ಣಿಗೆ ಕಾಣುವ ಚಿನ್ನ ಸಿಗುತ್ತಿದ್ದದ್ದು ಅಪರೂಪ. ಆದರೆ ಗಿರಣಿಯಲ್ಲಿ ಪಾದರಸದೊಡನೆ ಬೆರೆತ ಚಿನ್ನ ಹಿಡಿಯಷ್ಟು ಸಿಕ್ಕಿದರೂ ಅದು ಒಬ್ಬ ಕೂಲಿಕಾರನ ಹಲವು ತಿಂಗಳ ಸಂಬಳ. ಕಳವು ನಿಜವಾಗಿಯೂ ನಡೆಯುತ್ತಿತ್ತು, ಕಂಪನಿಯ ಭಯ ಕಟ್ಟುಕಥೆಯಾಗಿರಲಿಲ್ಲ. ಆ ಭಯಕ್ಕೆ ಮದ್ದಾಗಿ ಬಂದ ಗಣಿ ಕಾನೂನು ಸಾಮಾನ್ಯ ನ್ಯಾಯದ ಕ್ರಮವನ್ನೇ ತಿರುವುಮುರುವು ಮಾಡಿತು. ಕಚ್ಚಾ ಚಿನ್ನ ಯಾರ ಬಳಿ ಸಿಕ್ಕಿತೋ ಅದು ತನಗೆ ಹೇಗೆ ಬಂತೆಂದು ಆತನೇ ತೋರಿಸಿಕೊಡಬೇಕು, ತೋರಿಸದಿದ್ದರೆ ಆತನೇ ಕಳ್ಳ.

ಅದೇ ಕಾಲದ ದಂಡ ಪ್ರಕ್ರಿಯೆಯ ಕಾನೂನನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಹೆಂಗಸನ್ನು ಜಡ್ತಿ ಮಾಡಬೇಕಾದರೆ ಇನ್ನೊಬ್ಬ ಹೆಂಗಸೇ, ಮರ್ಯಾದೆಗೆ ಕುಂದು ಬಾರದಂತೆ ಮಾಡಬೇಕೆಂದು ಬ್ರಿಟಿಷ್ ಇಂಡಿಯಾದ 1898ರ ಸಂಹಿತೆಯ 52ನೆಯ ಕಲಂ ಹೇಳುತ್ತಿತ್ತು. 1973ರ ಸಂಹಿತೆಯೂ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅದೇ ಮಾತನ್ನು ಉಳಿಸಿಕೊಂಡಿವೆ. ಹೆಂಗಸಿನ ಮಟ್ಟಿಗೆ ಇದು ಸರಿಯಾದ, ಅಗತ್ಯವಾದ ರಕ್ಷಣೆ. ಆದರೆ ಗಂಡಸಿನ ಮೈಗೂ ಮರ್ಯಾದೆಯಿದೆ ಎಂಬ ಒಂದು ಮಾತು ಆ ಕಲಮಿನಲ್ಲಿಲ್ಲ. ಶಾಫ್ಟಿನ ಬಾಯಲ್ಲಿ ನಡೆಯುತ್ತಿದ್ದದ್ದು ಕಾನೂನಿನ ಉಲ್ಲಂಘನೆಯಾಗಿರಲಿಲ್ಲ, ಕಾನೂನು ಸುಮ್ಮನಿದ್ದ ಜಾಗದಲ್ಲಿ ಬೆಳೆದ ರೂಢಿಯಾಗಿತ್ತು. ಈ ಅವಮಾನವನ್ನು ಠಾಣೆಗೆ ಒಯ್ಯುವ ಯೋಚನೆಗೂ ಎಡೆಯಿರಲಿಲ್ಲ, ಠಾಣೆಯೂ ಅದೇ ಚಿನ್ನದ ಕಾವಲಿಗೆ ನಿಂತದ್ದು.

ಸಹನೆ ಮುರಿದದ್ದು 1930ರ ಏಪ್ರಿಲ್‌ನಲ್ಲಿ. ಕಂಪನಿಗಳು ಹೊಸ ನೋಂದಣಿ ಕ್ರಮ ತಂದು, ಪ್ರತಿಯೊಬ್ಬ ಕೆಲಸಗಾರನೂ ಬೆರಳಚ್ಚು ಕೊಡಬೇಕೆಂದು ಹೇಳಿದವು. ಬೆರಳಚ್ಚು ತೆಗೆಯುವುದು ಅಪರಾಧಿಗಳಿಂದ ಎಂಬುದು ಆಗಿನ ತಿಳಿವಳಿಕೆ. ಸಾವಿರಾರು ಕಾರ್ಮಿಕರು ಕೆಲಸ ಬಿಟ್ಟರು. ಗಟ್ಟಿಯಾದ ಸಂಘವಾಗಲಿ ಹೆಸರಾದ ಮುಂದಾಳಾಗಲಿ ಇಲ್ಲದೆ ಮುಷ್ಕರ ಸುಮಾರು ಮೂರು ವಾರ ನಡೆಯಿತು, ಕಂಪನಿಗಳು ಬೆರಳಚ್ಚಿನ ಕ್ರಮ ಕೈಬಿಡಬೇಕಾಯಿತು. ಜಾನಕಿ ನಾಯರ್ ಮೈಸೂರು ಸಂಸ್ಥಾನದ ಕಾರ್ಮಿಕರ ಚರಿತ್ರೆ ಬರೆಯುವಾಗ ಈ ಮುಷ್ಕರಕ್ಕೆ ಮಹತ್ವದ ಸ್ಥಾನ ಕೊಟ್ಟಿದ್ದಾರೆ. ಕೂಲಿ ಹೆಚ್ಚಳಕ್ಕಿಂತ ಮುಂಚೆ ಮರ್ಯಾದೆಯ ಪ್ರಶ್ನೆ ಇಷ್ಟು ಜನರನ್ನು ಬೀದಿಗೆ ತಂದದ್ದು ಗಮನಿಸಬೇಕಾದ ಸಂಗತಿ. ಗಂಡಸರು ತಾವು ನೊಂದವರೆಂದು ಹೇಳಿಕೊಳ್ಳಲು ಆ ಊರಿನಲ್ಲಿ ಇದ್ದದ್ದು ಮುಷ್ಕರದ ದಾರಿ ಮಾತ್ರ. ಒಬ್ಬೊಬ್ಬನೇ ಹೇಳಿದರೆ ಅಳುಬುರುಕುತನ, ಎಲ್ಲರೂ ಸೇರಿ ಹೇಳಿದರೆ ಹೋರಾಟ. ಆ ದಾರಿಗೂ ಬೆಲೆ ತೆರಬೇಕಾಯಿತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಗಣಿಯೂರಿನಲ್ಲಿ ಅವರ ಹುತಾತ್ಮ ದಿನ ಇಂದಿಗೂ ನಡೆಯುತ್ತದೆ.

ಹೆಂಗಸರ ಕಥೆ ಬೇರೆ, ಅದು ಸುಖದ ಕಥೆಯೇನಲ್ಲ. ಗಣಿಯಲ್ಲಿ ಅವರಿಗೆ ಸಿಕ್ಕಿದ್ದು ನೆಲದ ಮೇಲಿನ ಕೆಲಸ, ಕಡಿಮೆ ಕೂಲಿ. ನೆಲದಡಿಯ ಕೆಲಸಕ್ಕೆ ಹೆಂಗಸರು ಇಳಿಯಬಾರದೆಂದು 1952ರ ಗಣಿ ಕಾಯ್ದೆಯ 46ನೆಯ ಕಲಂ ವಿಧಿಸಿತು, ಷರತ್ತುಗಳೊಡನೆ ಅದು ಸಡಿಲವಾದದ್ದು 2019ರಲ್ಲಿ. ಹೆಂಗಸರನ್ನು ಅಪಾಯದಿಂದ ದೂರವಿಟ್ಟ ಕಾನೂನು ಅದೇ ಏಟಿಗೆ ಒಳ್ಳೆಯ ಸಂಬಳದಿಂದಲೂ ದೂರವಿಟ್ಟಿತು. ಅದೇ ಅಪಾಯ ಗಂಡಸಿಗೆ ಸಹಜವೆಂದೂ ಒಪ್ಪಿಕೊಂಡಿತು. ಕಾರ್ಮಿಕರ ಲೈನ್ ಮನೆಗಳಲ್ಲಿ ಹೆಂಡತಿಗೆ ಬೀಳುತ್ತಿದ್ದ ಹೊಡೆತದ ವಿಚಾರಕ್ಕೆ ಪೊಲೀಸರು ಬರುತ್ತಿದ್ದದ್ದು ಕಡಿಮೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಠಾಣೆಗಳೂ ನೆಚ್ಚಿಕೊಂಡಿದ್ದವು. ಅದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಹೆಂಗಸಿಗೆ.

ನೆಲದಡಿಯ ಅಪಾಯದ ಅಳತೆ ಕಲ್ಲಿನ ದೂಳಿನಲ್ಲಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಒತ್ತಡಕ್ಕೆ ಬಂಡೆ ಸಿಡಿಯುವುದನ್ನು ಇಲ್ಲಿನವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು, ಅದರಲ್ಲಿ ಸತ್ತವರ ಸುದ್ದಿ ಊರಿಗೆಲ್ಲ ಗೊತ್ತಾಗುತ್ತಿತ್ತು. ದೂಳಿನಿಂದ ಶ್ವಾಸಕೋಶ ಕಲ್ಲಾಗುವ ಸಿಲಿಕೋಸಿಸ್ ಮಾತ್ರ ಸದ್ದಿಲ್ಲದೆ ಕೊಲ್ಲುತ್ತಿತ್ತು. ಮೈಸೂರು ಸರ್ಕಾರ 1940ರಲ್ಲಿ ಸಿಲಿಕೋಸಿಸ್ ನಿಯಮಗಳನ್ನು ಹೊರಡಿಸಿ ಪರಿಹಾರಕ್ಕೆ ದಾರಿ ಮಾಡಿತು. 1940ರಿಂದ 1946ರವರೆಗೆ ವೈದ್ಯರು ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇಕಡ 40ಕ್ಕೂ ಹೆಚ್ಚು ಮಂದಿಯಲ್ಲಿ ರೋಗ ಕಂಡಿತು. ಇಷ್ಟು ದೊಡ್ಡ ಹಾನಿ ಎಂದೂ ಪೊಲೀಸ್ ದಾಖಲೆಯ ವಿಷಯವಾಗಲಿಲ್ಲ, ಪರಿಹಾರದ ಅರ್ಜಿಯಾಗಿ ಮುಗಿಯಿತು. ಸಂಸಾರವನ್ನು ಸಾಕುವವನು ಗಂಡು ಎಂಬ ಲೆಕ್ಕವೂ ಪರಿಹಾರದ ಕಾನೂನಿನಲ್ಲೇ ಕೂತಿದೆ. ಮೃತನ ವಿಧವೆ ಅದರಲ್ಲಿ ತಾನಾಗಿಯೇ ಅವಲಂಬಿತೆ. ಮೃತಳ ಗಂಡನಾದರೆ ತಾನು ಆಕೆಯ ಸಂಪಾದನೆಯನ್ನು ಪೂರ್ತಿಯಾಗಿಯೋ ಭಾಗಶಃವಾಗಿಯೋ ನೆಚ್ಚಿಕೊಂಡಿದ್ದೆನೆಂದು ತೋರಿಸಬೇಕು.

ಗಣಿಗಳು 1956ರಲ್ಲಿ ರಾಜ್ಯ ಸರ್ಕಾರದ ಕೈಗೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ದುಡಿಯುವವನೆಂಬ ಒಂದೇ ಹೆಸರಿನಿಂದ ಗುರುತಾಗಿದ್ದ ಸಾವಿರಾರು ಗಂಡಸರ ಕೆಲಸ ಹೋಯಿತು. ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳ ಊರಿನಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುವುದು ಮುಂದಿನ ತಲೆಮಾರಿನ ಪಾಡಾಯಿತು. ಕಾಯಲು ಚಿನ್ನವಿಲ್ಲದಿದ್ದರೂ ಪೊಲೀಸ್ ಜಿಲ್ಲೆ ಉಳಿಯಿತು. ಠಾಣೆಗೆ ಬರುವ ಫಿರ್ಯಾದುಗಳು ಬೇರೆಲ್ಲ ಊರುಗಳಂತೆ ಮನೆಯೊಳಗಿನವೂ ಆದವು.

ಅಷ್ಟು ಹೊತ್ತಿಗೆ ದೇಶದ ಕಾನೂನೇ ಬದಲಾಗಿತ್ತು. ವರದಕ್ಷಿಣೆ ಸಾವುಗಳ ವಿರುದ್ಧ ಮಹಿಳಾ ಚಳವಳಿ ನಡೆಸಿದ ಹೋರಾಟದಿಂದ 1983ರಲ್ಲಿ ದಂಡ ಸಂಹಿತೆಗೆ ಗಂಡ ಮತ್ತು ಅವನ ಮನೆಯವರ ಕ್ರೌರ್ಯವನ್ನು ಶಿಕ್ಷಿಸುವ 498ಎ ಕಲಂ ಸೇರಿತು, 2005ರಲ್ಲಿ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬಂತು. ಮಹಿಳಾ ಠಾಣೆಗಳು ತೆರೆದವು, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಕಚೇರಿಯಲ್ಲಿ ವನಿತಾ ಸಹಾಯವಾಣಿ ಶುರುವಾಯಿತು. ಪೊಲೀಸ್ ಇಲಾಖೆಯೊಳಗೆ ಹೆಂಗಸರ ಏರಿಕೆ ಇನ್ನೂ ನಿಧಾನ. ಕರ್ನಾಟಕ ಪೊಲೀಸಿನ ಮೊದಲ ಮಹಿಳಾ ಮುಖ್ಯಸ್ಥೆಯಾಗಿ ನೀಲಮಣಿ ರಾಜು ಬಂದದ್ದು 2017ರಲ್ಲಿ. 498ಎ ಪ್ರಕರಣಗಳಲ್ಲಿ ಯೋಚನೆಯಿಲ್ಲದೆ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಹೇಳಿತು. ಗಂಡಸರ ಪರ ಸಂಘಟನೆಗಳೂ 2005ರ ಸುಮಾರಿಗೆ ಬೆಂಗಳೂರಿನಲ್ಲೇ ಹುಟ್ಟಿದವು. ಇವುಗಳ ಹೆಚ್ಚಿನ ಶಕ್ತಿ ಮಹಿಳಾ ಕಾನೂನುಗಳನ್ನು ಟೀಕಿಸುವುದರಲ್ಲೇ ಕಳೆಯಿತು. ಪೆಟ್ಟು ತಿಂದ ಗಂಡಸಿಗೆ ಠಾಣೆಯಲ್ಲಿ ಏನು ಸಿಗಬೇಕೆಂಬ ಪ್ರಶ್ನೆ ಈ ಗದ್ದಲದಲ್ಲಿ ಹಿಂದೆ ಬಿತ್ತು.

ಆ ಗಂಡಸಿಗೆ ಮೊದಲ ತಡೆ ಕಾನೂನಿನದಲ್ಲ, ನಗೆಯದು. ಹೆಂಡತಿಯ ಕೈಲಿ ಹೊಡೆಸಿಕೊಂಡವನು ನಾಟಕ, ಸಿನಿಮಾಗಳಲ್ಲಿ ಹಾಸ್ಯದ ಪಾತ್ರ. ಗಂಡಸಿಗೇಕೆ ಗೌರಿ ದುಃಖ ಎಂಬ ಗಾದೆ ಇರುವ ಸಮಾಜದಲ್ಲಿ ಠಾಣೆಯ ಮೆಟ್ಟಿಲು ಹತ್ತುವವನು ಪೆಟ್ಟಿನ ಜೊತೆಗೆ ತನ್ನ ಗಂಡಸುತನದ ಬಗ್ಗೆಯೂ ವಿವರಣೆ ಕೊಡಬೇಕಾಗುತ್ತದೆ. ಸುಮ್ಮನಿರುವುದರ ಬೆಲೆ ಬೇರೆ ಕಡೆ ಕಾಣುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಮಂದಿಯಲ್ಲಿ 1,22,724 ಮಂದಿ ಗಂಡಸರು. ಇದಕ್ಕೆಲ್ಲ ಮನೆಯ ಹಿಂಸೆಯೇ ಕಾರಣವೆಂದು ಹೇಳಲಾಗದು, ಸಾಲ, ಕುಡಿತ, ಕಾಯಿಲೆ, ಕೆಲಸವಿಲ್ಲದಿರುವುದು ಎಲ್ಲವೂ ಇದರಲ್ಲಿವೆ.

ಲೈಂಗಿಕ ಹಿಂಸೆಯ ಕಾನೂನಿನಲ್ಲಿ ಕೊರತೆ ಇನ್ನೂ ಎದ್ದು ಕಾಣುತ್ತದೆ. 2007ರಲ್ಲಿ ಕೇಂದ್ರ ಸರ್ಕಾರದ ಅಧ್ಯಯನವೊಂದು ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳೆಂದು ತೋರಿಸಿತು, 2012ರ ಪೋಕ್ಸೊ ಕಾಯ್ದೆ ಹುಡುಗ ಹುಡುಗಿಯರಿಬ್ಬರಿಗೂ ಸಮನಾಗಿ ಬಂತು. ಹದಿನೆಂಟು ತುಂಬಿದೊಡನೆ ಹುಡುಗನ ರಕ್ಷಣೆ ಮುಗಿಯುತ್ತದೆ. ಅತ್ಯಾಚಾರದ ಕಲಮಿನಲ್ಲಿ ಸಂತ್ರಸ್ತರನ್ನು ಗಂಡು ಹೆಣ್ಣೆಂದು ಬೇರೆ ಮಾಡಬಾರದೆಂದು ಕಾನೂನು ಆಯೋಗ 2000ದಲ್ಲೇ ಸಲಹೆ ಮಾಡಿತ್ತು. 2013ರ ಸುಗ್ರೀವಾಜ್ಞೆ ಅದರತ್ತ ಒಂದು ಹೆಜ್ಜೆಯಿಟ್ಟಿತು, ಕೆಲವೇ ವಾರಗಳಲ್ಲಿ ಬಂದ ಕಾಯ್ದೆ ಹಿಂದೆ ಸರಿಯಿತು. ವಯಸ್ಕ ಗಂಡಸಿಗೆ ಉಳಿದಿದ್ದದ್ದು ‘ಪ್ರಕೃತಿಗೆ ವಿರುದ್ಧ’ವಾದ ಸಂಭೋಗವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೆಯ ಕಲಂ. ಕೋತಿ (ಹೆಣ್ಣಿನ ನಡೆನುಡಿಯ ಗಂಡಸರು) ಮತ್ತು ಹಿಜ್ರಾ ಸಮುದಾಯದವರನ್ನು ಬೆದರಿಸಲು ಪೊಲೀಸರು ಬಳಸುತ್ತಿದ್ದದ್ದೂ ಅದನ್ನೇ. ಬೆಂಗಳೂರಿನಲ್ಲಿ ನಡೆದ ಇಂಥ ಹಿಂಸೆಯನ್ನು ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಘಟಕ 2001 ಮತ್ತು 2003ರ ವರದಿಗಳಲ್ಲಿ ದಾಖಲಿಸಿತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಂ ಹಿಜ್ರಾಗಳ ಹೆಸರು ಬರೆದಿಡುವ ಅಧಿಕಾರವನ್ನೇ ಪೊಲೀಸರಿಗೆ ಕೊಟ್ಟಿತು. ಗಣಿ ಕಾರ್ಮಿಕರ ಬೆರಳಚ್ಚಿಗೂ ಇದಕ್ಕೂ ತರ್ಕದಲ್ಲಿ ವ್ಯತ್ಯಾಸವಿಲ್ಲ. ಹೈಕೋರ್ಟಿನಲ್ಲಿ ಪ್ರಶ್ನೆಯೆದ್ದ ಮೇಲೆ ಸಮುದಾಯದ ಹೆಸರು ಆ ಕಲಮಿನಿಂದ ಹೋಯಿತು. ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ 377ರ ಹೊರಗಿಟ್ಟು, ಬಲಾತ್ಕಾರಕ್ಕೆ ಅದನ್ನು ಉಳಿಸಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ. ಬಲಾತ್ಕಾರಕ್ಕೆ ಒಳಗಾದ ವಯಸ್ಕ ಗಂಡಸಿನ ಫಿರ್ಯಾದನ್ನು ಈಗ ಹಲ್ಲೆ, ಗಾಯ, ಅಕ್ರಮ ಬಂಧನದ ಕಲಮುಗಳಲ್ಲಿ ಬರೆದುಕೊಳ್ಳಬೇಕು.

ಕರ್ನಾಟಕದ ನ್ಯಾಯಾಲಯ ಈ ಪ್ರಶ್ನೆಯನ್ನು ಎರಡು ಕಡೆಯಿಂದ ಮುಟ್ಟಿದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಗಂಡಸೂ ದೂರು ಕೊಡಬಹುದೆಂದು 2017ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿ, ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡಿತು. ಕಾಯ್ದೆಯ ಮಾತಿನಲ್ಲೇ ನೊಂದವರೆಂದರೆ ಹೆಂಗಸರು. ಪೋಕ್ಸೊ ಅಡಿ ಹೆಂಗಸೂ ಆರೋಪಿಯಾಗಬಹುದು, ಬಾಲಕನೂ ಸಂತ್ರಸ್ತನಾಗಬಹುದು ಎಂದು ಅದೇ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಹೇಳಿತು.