ಪುನರಾವರ್ತಿತ ವರ್ತನೆಗಳ ಔಷಧೋಪಚಾರ: ಒಂದು ಚಾರಿತ್ರಿಕ ಅವಲೋಕನ

ಕುಳಿತಲ್ಲಿಯೇ ಮೈಯನ್ನು ಹಿಂದುಮುಂದಕ್ಕೆ ತೂಗುವುದು, ಬೆರಳುಗಳನ್ನು ಕಣ್ಣೆದುರು ಆಡಿಸುವುದು, ತಲೆಯನ್ನು ಗೋಡೆಗೆ ಬಡಿದುಕೊಳ್ಳುವುದು — ತೀವ್ರವಾದ ಬೌದ್ಧಿಕ ಅಸಾಮರ್ಥ್ಯವುಳ್ಳ ಹಲವರಲ್ಲಿ ಇಂತಹ ವರ್ತನೆಗಳು ಕಂಡುಬರುತ್ತವೆ. ಇವನ್ನು ಔಷಧದಿಂದ ಅಡಗಿಸಲು ನಡೆದ ಪ್ರಯತ್ನವು ವೈದ್ಯಶಾಸ್ತ್ರದ ಚರಿತ್ರೆಗೆ ಮಾತ್ರವಲ್ಲದೆ ಆಶ್ರಯಸಂಸ್ಥೆಗಳ ಚರಿತ್ರೆಗೂ ಸೇರಿದುದೆಂಬುದನ್ನು ಮುಖ್ಯವಾಗಿ ಅಮೆರಿಕದ ನಿದರ್ಶನದಿಂದ ತೋರಿಸುವುದು ಇಲ್ಲಿ ನಮ್ಮ ಉದ್ದೇಶ.

ಕ್ಲೋರ್‌ಪ್ರೊಮಜೀನ್ ಎಂಬ ಔಷಧವು 1950ರಲ್ಲಿ ಫ್ರಾನ್ಸಿನಲ್ಲಿ ಸಿದ್ಧವಾಯಿತು. 1952ರಲ್ಲಿ ಪ್ಯಾರಿಸಿನ ವೈದ್ಯರಾದ ದಲೇ ಮತ್ತು ದೆನಿಕೇರ್ ಇದನ್ನು ಮನೋರೋಗಿಗಳಲ್ಲಿ ಬಳಸಿ ಫಲ ಕಂಡರು. 1954ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. ಮನೋರೋಗಿಗಳಿಗೆಂದು ಬಂದ ಈ ಮದ್ದೂ ಅದರ ಬಳಗದ ಥಯೊರಿಡಜೀನೂ ಬಹುಬೇಗ ಬೌದ್ಧಿಕ ಅಸಾಮರ್ಥ್ಯವುಳ್ಳವರ ಸಂಸ್ಥೆಗಳನ್ನು ಪ್ರವೇಶಿಸಿದವು. ಇದಕ್ಕೆ ಕಾರಣವು ದುರೂಹವಲ್ಲ. ಅಲ್ಲಿ ನಿವಾಸಿಗಳು ಕಿಕ್ಕಿರಿದಿದ್ದರು, ನೋಡಿಕೊಳ್ಳುವವರು ವಿರಳವಾಗಿದ್ದರು. ದಿನವಿಡೀ ಮಾಡಲು ಕೆಲಸವಾಗಲಿ ಆಟವಾಗಲಿ ಇರಲಿಲ್ಲ. ಇಂತಹ ಬರಿದಾದ ಬದುಕೇ ಆ ವರ್ತನೆಗಳನ್ನು ಹೆಚ್ಚಿಸಬಲ್ಲದೆಂಬ ವಿಚಾರವು ಹಿಂದೆ ಸರಿಯಿತು.

ಮಿದುಳಿನಲ್ಲಿ ಡೊಪಮೀನಿನ ಕ್ರಿಯೆಯನ್ನು ತಡೆಯುವ ಈ ಔಷಧಗಳು ಕೆಲವರಲ್ಲಿ ವರ್ತನೆಯನ್ನು ತಗ್ಗಿಸಿದುದುಂಟು. ಆದರೆ ಅವು ತೂಕಡಿಕೆಯನ್ನು ತಂದು ಕಲಿಕೆಗೂ ಅಡ್ಡಿಯಾಗಬಲ್ಲವು. ದೀರ್ಘಕಾಲ ಸೇವಿಸಿದ ಕೆಲವರಲ್ಲಿ ತುಟಿ, ನಾಲಗೆ, ದವಡೆಗಳು ತಾವಾಗಿಯೇ ಮತ್ತೆ ಮತ್ತೆ ಚಲಿಸತೊಡಗಿದವು. ಈ ವಿಕಾರಕ್ಕೆ 1964ರಲ್ಲಿ ಟಾರ್ಡಿವ್ ಡಿಸ್ಕೈನೀಸಿಯಾ ಎಂಬ ಹೆಸರು ಬಂದಿತು. ಪುನರಾವರ್ತನೆಯನ್ನು ನಿಲ್ಲಿಸಲೆಂದು ಕೊಟ್ಟ ಮದ್ದೇ ಹೊಸದೊಂದು ಪುನರಾವರ್ತನೆಗೆ ಕಾರಣವಾದಂತಾಯಿತು. ತನ್ನ ಬಾಧೆಯನ್ನು ಮಾತಿನಲ್ಲಿ ಹೇಳಲಾರದವನಲ್ಲಿ ಮೊದಲಿನ ಚಲನೆ ಯಾವುದು, ಮದ್ದಿನಿಂದಾದುದು ಯಾವುದು ಎಂದು ಬೇರ್ಪಡಿಸುವುದೂ ಸುಲಭವಲ್ಲ.

ಈ ಪದ್ಧತಿಗೆ ತಡೆಯೊಡ್ಡಿದವರಲ್ಲಿ ನ್ಯಾಯಾಲಯವೂ ಸೇರಿತ್ತೆಂಬುದು ಗಮನಾರ್ಹ. ಅಲಬಾಮ ರಾಜ್ಯದ ವಯಟ್–ಸ್ಟಿಕ್ನಿ ಮೊಕದ್ದಮೆಯಲ್ಲಿ ನ್ಯಾಯಾಧೀಶ ಫ್ರಾಂಕ್ ಜಾನ್ಸನರು 1972ರಲ್ಲಿ ಪಾರ್ಟ್ಲೋ ಎಂಬ ಸಂಸ್ಥೆಗೆ ಕಟ್ಟಳೆಗಳನ್ನು ವಿಧಿಸಿದರು. ಔಷಧವನ್ನು ಶಿಕ್ಷೆಯಾಗಿಯಾಗಲಿ, ಸಿಬ್ಬಂದಿಯ ಅನುಕೂಲಕ್ಕಾಗಿಯಾಗಲಿ, ತರಬೇತಿಗೆ ಬದಲಾಗಿಯಾಗಲಿ ಬಳಸಕೂಡದೆಂಬುದು ಅವುಗಳಲ್ಲೊಂದು.

ಅನಂತರದ ಔಷಧಗಳೂ ಪ್ರಶ್ನೆಯನ್ನು ಬಗೆಹರಿಸಿಲ್ಲ. 2009ರಲ್ಲಿ ಪ್ರಕಟವಾದ, ಆಟಿಸಂ ಸಂಬಂಧಿತ ತೊಂದರೆಗಳುಳ್ಳ 149 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ, ಪುನರಾವರ್ತಿತ ವರ್ತನೆಯನ್ನು ತಗ್ಗಿಸುವುದರಲ್ಲಿ ಸಿಟಾಲೊಪ್ರಾಂ ಎಂಬ ಔಷಧವು ಮದ್ದಿಲ್ಲದ ಹುಸಿಗುಳಿಗೆಗಿಂತ ಮೇಲೆನಿಸಲಿಲ್ಲ.

ಔಷಧವೇ ಸಲ್ಲದೆಂಬುದು ನಮ್ಮ ವಾದವಲ್ಲ. ತಲೆ ಚಚ್ಚಿಕೊಂಡು ಗಾಯಗೊಳ್ಳುವವನಿಗೆ ಅದರಿಂದ ರಕ್ಷಣೆ ದೊರೆಯಬಹುದು. ಆದರೆ ಸಂಸ್ಥೆಯೊಂದರ ಹಳೆಯ ದಾಖಲೆಯಲ್ಲಿ ನಿವಾಸಿಯು ಶಾಂತನಾದನೆಂಬ ಬರಹವನ್ನು ಕಂಡಾಗ, ಆ ಶಾಂತಿಯಿಂದ ಯಾರಿಗೆ ಹಿತವಾಯಿತೆಂಬುದನ್ನು ಚರಿತ್ರೆಯ ವಿದ್ಯಾರ್ಥಿಯು ವಿಚಾರಿಸದೆ ಮುಂದುವರಿಯಲಾಗದು.